ಮನೆಯಲ್ಲಿ ಆಮ್ಲಜನಕ ಪಡೆಯುವವರ ಇಂಗಾಲದ ಡೈಆಕ್ಸೈಡನ್ನು ಸೂಜಿ ಚುಚ್ಚದೆ ಅಳೆಯಲು ಸಾಧ್ಯವೇ?

ಹೇಮಾವತಿ_ತೀರ:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ ಈಗ 69 ವರ್ಷ. ಸಕಲೇಶಪುರದ ಹತ್ತಿರದ ನಮ್ಮ ಊರಿನಲ್ಲಿ ನಲವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತು ಅಡುಗೆ ಮಾಡಿದವರು. ಬೀಡಿ, ಸಿಗರೇಟನ್ನು ಕೈಯಿಂದಲೂ ಮುಟ್ಟಿದವರಲ್ಲ. ಆದರೂ ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಬಂತು. ಎರಡು ವರ್ಷದಿಂದ ಮನೆಯಲ್ಲಿ ಕಾನ್ಸನ್ಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಇದೆ. ನಿಮಿಷಕ್ಕೆ 1 ಲೀಟರಿನಂತೆ ದಿನಕ್ಕೆ 16 ಗಂಟೆ ಹಾಕಬೇಕೆಂದು ಬರೆದುಕೊಟ್ಟಿದ್ದರು.

ಈ ಸಲದ ಮಳೆಗಾಲದಲ್ಲಿ ಅಮ್ಮನಿಗೆ ಕಫ ಹೆಚ್ಚಾಗಿ, ಒಂದು ರಾತ್ರಿ ಬೆರಳಿನ ಆಕ್ಸಿಮೀಟರ್ 84 ತೋರಿಸಿತು. ನಾನು ಗಾಬರಿಯಿಂದ ಫ್ಲೋ ಗುಂಡಿಯನ್ನು 4ಕ್ಕೆ ತಿರುಗಿಸಿದೆ. ಹತ್ತು ನಿಮಿಷದಲ್ಲಿ ಅಂಕಿ 97ಕ್ಕೆ ಏರಿತು. ನಾವೆಲ್ಲ ನೆಮ್ಮದಿಯಿಂದ ಮಲಗಿದೆವು. ಬೆಳಿಗ್ಗೆ ಅಮ್ಮನನ್ನು ಎಬ್ಬಿಸಿದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ, ಹಾಲಿನವನು ಬಂದನೇ ಎಂದು ಮೂರು ಸಲ ಕೇಳಿದರು, ಕೈ ಚಾಚಿದರೆ ಬೆರಳುಗಳು ಪಟಪಟನೆ ಬಡಿದುಕೊಳ್ಳುತ್ತಿದ್ದವು. ಆಗಲೂ ಆಕ್ಸಿಮೀಟರ್ 96 ಎಂದೇ ಹೇಳುತ್ತಿತ್ತು. ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ಅಪಧಮನಿಯ ರಕ್ತ ತೆಗೆದು ನೋಡಿದಾಗ ಪಿಎಚ್ 7.26, ಇಂಗಾಲದ ಡೈಆಕ್ಸೈಡ್ 78, ಬೈಕಾರ್ಬೊನೇಟ್ 34. ನಾಲ್ಕು ದಿನ ಬೈಪ್ಯಾಪ್ (ಒತ್ತಡದಲ್ಲಿ ಗಾಳಿ ಕೊಟ್ಟು ಉಸಿರಾಟಕ್ಕೆ ಆಸರೆಯಾಗುವ ಯಂತ್ರ) ಮಾಸ್ಕ್ ಹಾಕಿದ ಮೇಲೆ ಸುಧಾರಿಸಿ ಮನೆಗೆ ಬಂದರು.

ಈಗ ನನ್ನ ಪ್ರಶ್ನೆಗಳು. ಪದೇ ಪದೇ ಎಬಿಜಿ, ಅಂದರೆ ಅಪಧಮನಿಯ ರಕ್ತದ ಅನಿಲ ಪರೀಕ್ಷೆ, ಮಾಡಿಸಲು ಹೇಳಿದ್ದಾರೆ, ಆದರೆ ಅಮ್ಮ ಕಪ್ಪಗಾದ ಮಣಿಕಟ್ಟನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಇನ್ನು ಚುಚ್ಚಿಸಿಕೊಳ್ಳುವುದಿಲ್ಲ ಎನ್ನುತ್ತಾರೆ. ಆಮ್ಲಜನಕಕ್ಕೆ ಆಕ್ಸಿಮೀಟರ್ ಇರುವಂತೆ ಇಂಗಾಲದ ಡೈಆಕ್ಸೈಡಿಗೂ ಚುಚ್ಚದೆ ಅಳೆಯುವ ಸಾಧನವಿದೆಯೇ? ಅಂಗಡಿಯೊಂದರಲ್ಲಿ ಮೇಜಿನ ಮೇಲಿಡುವ, ಪಿಪಿಎಂ ತೋರಿಸುವ ಒಂದು ಯಂತ್ರವನ್ನು ತೋರಿಸಿದರು. ಅದು ಉಪಯೋಗಕ್ಕೆ ಬರುತ್ತದೆಯೇ? ಲ್ಯಾಬಿನ ಇನ್ನೊಂದು ವರದಿಯಲ್ಲಿ ಟೋಟಲ್ ಸಿಒ2 33 ಎಂದಿದೆ. ಒಂದರಲ್ಲಿ 78, ಇನ್ನೊಂದರಲ್ಲಿ 33 ಇದ್ದರೆ ಯಾವುದನ್ನು ನಂಬಬೇಕು?

ಬಾಡಿಗೆ_ಉಪಕರಣ:

ನಮಸ್ಕಾರ ಸರ್. ನಾವು ಕಾನ್ಸನ್ಟ್ರೇಟರ್, ಬೈಪ್ಯಾಪ್ ಮುಂತಾದವುಗಳನ್ನು ಬಾಡಿಗೆಗೆ ಕೊಡುವವರು. ನೀವು ಕೇಳುತ್ತಿರುವುದು ಕ್ಯಾಪ್ನೋಮೀಟರ್. ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಮಾದರಿಗಳು ಬಂದಿವೆ. ಮೂಗಿಗೆ ಸಣ್ಣ ನಳಿಕೆ ಹಾಕಿದರೆ ಹೊರಬರುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಪ್ರತಿ ಉಸಿರಿಗೂ ತೋರಿಸುತ್ತದೆ. ಮನೆಯಲ್ಲಿಯೇ ಬಳಸಬಹುದು, ರಕ್ತ ತೆಗೆಯುವ ಅಗತ್ಯವೇ ಇರುವುದಿಲ್ಲ.

ಎದೆರೋಗ_ಮೈಸೂರು:

ಹೇಮಾವತಿ_ತೀರ ಅವರೇ, ಸುಲಭವಾದ ಎರಡು ಪ್ರಶ್ನೆಗಳನ್ನು ಮೊದಲು ಮುಗಿಸುತ್ತೇನೆ. ಮೇಜಿನ ಮೇಲಿಡುವ ಪಿಪಿಎಂ ಯಂತ್ರವು ಕೋಣೆಯ ಗಾಳಿಯನ್ನು ಅಳೆಯುತ್ತದೆ, ರೋಗಿಯನ್ನಲ್ಲ. ಅದರಲ್ಲಿ 600 ಬಂದರೂ 1,200 ಬಂದರೂ ನಿಮ್ಮ ತಾಯಿಯವರ ರಕ್ತದ ಬಗ್ಗೆ ಏನೂ ತಿಳಿಯುವುದಿಲ್ಲ. ಕಿಟಕಿ ತೆರೆದಿದೆಯೇ ಇಲ್ಲವೇ ಎಂಬುದಷ್ಟೇ ತಿಳಿಯುತ್ತದೆ. ಇನ್ನು 78 ಮತ್ತು 33 ಒಂದನ್ನೊಂದು ಅಲ್ಲಗಳೆಯುವ ಅಂಕಿಗಳಲ್ಲ. 78 ಎನ್ನುವುದು ಅಪಧಮನಿಯ ರಕ್ತದಲ್ಲಿ ಆ ಅನಿಲದ ಒತ್ತಡ, ಮಿ.ಮೀ. ಪಾದರಸದ ಲೆಕ್ಕದಲ್ಲಿ, ಸಾಮಾನ್ಯವಾಗಿ 35ರಿಂದ 45ರ ಒಳಗೆ ಇರಬೇಕು. ಟೋಟಲ್ ಸಿಒ2 ಎಂಬ ಹೆಸರು ದಾರಿ ತಪ್ಪಿಸುವಂಥದ್ದು, ಅದು ಬಹುಮಟ್ಟಿಗೆ ಬೈಕಾರ್ಬೊನೇಟಿನ ಪ್ರಮಾಣ. ಇಂಗಾಲದ ಡೈಆಕ್ಸೈಡ್ ದಿನಗಟ್ಟಲೆ ಹೆಚ್ಚಾಗಿಯೇ ಉಳಿದಾಗ ಮೂತ್ರಪಿಂಡಗಳು ಬೈಕಾರ್ಬೊನೇಟನ್ನು ಹಿಡಿದಿಟ್ಟುಕೊಂಡು ರಕ್ತ ಆಮ್ಲೀಯವಾಗದಂತೆ ನೋಡಿಕೊಳ್ಳುತ್ತವೆ. ಆದ್ದರಿಂದ ನಿಮ್ಮ ತಾಯಿಯವರ ಎರಡೂ ವರದಿಗಳು ಸೇರಿ ಹೇಳುವ ಕಥೆ ಒಂದೇ: ಅಂದು ರಾತ್ರಿ ಏಕಾಏಕಿ ಏರಿದ್ದು ನಿಜ, ಆದರೆ ಅದಕ್ಕೆ ಮೊದಲೇ, ಬಹುಶಃ ತಿಂಗಳುಗಳಿಂದ, ಅವರ ಇಂಗಾಲದ ಡೈಆಕ್ಸೈಡ್ ಮೇಲಿನ ಮಟ್ಟದಲ್ಲಿಯೇ ಇತ್ತು.

ಈ ಬೈಕಾರ್ಬೊನೇಟ್ ಪರೀಕ್ಷೆಯ ಬೆಲೆಯನ್ನು ನಾವು ವೈದ್ಯರೇ ಸರಿಯಾಗಿ ಅರಿತಿಲ್ಲ ಎಂಬ ದೂರು ನನ್ನದು. ಮೊಣಕೈಯ ಸಿರೆಯಿಂದ ತೆಗೆದ ಸಾಮಾನ್ಯ ರಕ್ತದಲ್ಲಿ, ತಾಲ್ಲೂಕು ಮಟ್ಟದ ಲ್ಯಾಬಿನಲ್ಲಿಯೂ ಮಾಡಬಹುದಾದ ಪರೀಕ್ಷೆ ಅದು. ಮನೆಯಲ್ಲಿ ಆಮ್ಲಜನಕ ಪಡೆಯುತ್ತಿರುವವರ ಬೈಕಾರ್ಬೊನೇಟ್ ಒಂದು ಸಲಕ್ಕಿಂತ ಇನ್ನೊಂದು ಸಲಕ್ಕೆ ಏರುತ್ತ ಹೋದರೆ, ಬೇರೆ ಕಾರಣಗಳಿಲ್ಲದಿದ್ದಲ್ಲಿ, ಆ ರೋಗಿಯ ಉಸಿರಾಟವನ್ನು ಕೂಡಲೇ ವಿಚಾರಿಸಬೇಕು.

ನೀವು ಫ್ಲೋ ಏರಿಸಿದ ರಾತ್ರಿ ಏನಾಯಿತು ಎನ್ನುವುದನ್ನೂ ಹೇಳಬೇಕು. ಇಂಥವರಿಗೆ ಉಸಿರಾಡಲು ಪ್ರಚೋದನೆ ಸಿಗುವುದೇ ಆಮ್ಲಜನಕದ ಕೊರತೆಯಿಂದ, ಅದನ್ನು ತುಂಬಿಬಿಟ್ಟರೆ ಮಿದುಳು ಉಸಿರಾಟವನ್ನು ನಿಲ್ಲಿಸುತ್ತದೆ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಕಲಿತೆವು. ಅದು ಅರ್ಧ ಸತ್ಯ ಮಾತ್ರ. 1980ರಲ್ಲಿ ಓಬಿಯೆ ಮತ್ತು ಸಂಗಡಿಗರು ಉಸಿರಾಟದ ತೀವ್ರ ವೈಫಲ್ಯದಲ್ಲಿದ್ದ ರೋಗಿಗಳಿಗೆ ಶುದ್ಧ ಆಮ್ಲಜನಕ ಕೊಟ್ಟು ಅಳೆದಾಗ, ಹದಿನೈದು ನಿಮಿಷದ ಹೊತ್ತಿಗೆ ಉಸಿರಾಟದ ಒಟ್ಟು ಪ್ರಮಾಣ ಮೊದಲಿನ ಶೇಕಡಾ 93ರಷ್ಟು ಇತ್ತು, ಆದರೆ ಇಂಗಾಲದ ಡೈಆಕ್ಸೈಡ್ ಸರಾಸರಿ 23 ಮಿ.ಮೀ. ಏರಿತ್ತು. ಉಸಿರು ಅಷ್ಟೊಂದು ತಗ್ಗದೆಯೇ ಇಷ್ಟು ಏರಿದ್ದು ಹೇಗೆ? ಹಾಳಾದ ಶ್ವಾಸಕೋಶದಲ್ಲಿ ಗಾಳಿ ಸರಿಯಾಗಿ ಹೋಗದ ಭಾಗಗಳಿಗೆ ರಕ್ತ ಹರಿಯದಂತೆ ಅಲ್ಲಿನ ನಾಳಗಳು ಬಿಗಿದುಕೊಂಡಿರುತ್ತವೆ. ಕೆರೆಯ ನೀರು ಬರಡು ಗದ್ದೆಗೆ ಹೋಗದಂತೆ ತೂಬು ಮುಚ್ಚಿದ ಹಾಗೆ. ಹೆಚ್ಚು ಆಮ್ಲಜನಕ ಬಂದೊಡನೆ ಆ ತೂಬುಗಳು ತೆರೆದುಕೊಂಡು ರಕ್ತವು ಕೆಲಸಕ್ಕೆ ಬಾರದ ಭಾಗಗಳಿಗೆ ಹರಿಯುತ್ತದೆ. ಜೊತೆಗೆ, ಆಮ್ಲಜನಕವನ್ನು ಹೊತ್ತ ಹಿಮೋಗ್ಲೋಬಿನ್ ಇಂಗಾಲದ ಡೈಆಕ್ಸೈಡನ್ನು ಮೊದಲಿನಷ್ಟು ಹಿಡಿದುಕೊಳ್ಳುವುದಿಲ್ಲ. ಇದನ್ನು ಹಾಲ್ಡೇನ್ ಪರಿಣಾಮ ಎನ್ನುತ್ತಾರೆ. ಈ ಎರಡರ ಜೊತೆಗೆ ಉಸಿರಾಟದ ಪ್ರಚೋದನೆ ತಗ್ಗುವುದೂ, ಮುಖ್ಯವಾಗಿ ನಿದ್ರೆಯಲ್ಲಿ, ಸೇರಿಕೊಳ್ಳುತ್ತದೆ.

ಧಾರವಾಡ_ಮಾಸ್ತರ:

ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು, ಕಳೆದ ವರ್ಷದಿಂದ ನಾನೂ ಮೂಗಿಗೆ ನಳಿಕೆ ಹಾಕಿಕೊಂಡವನೇ. ಆಕ್ಸಿಮೀಟರ್ 96 ತೋರಿಸುತ್ತಿದ್ದಾಗಲೇ ತಾಯಿಯವರು ಮಂಪರಿಗೆ ಜಾರಿದ್ದು ಹೇಗೆ ಎಂಬ ಪ್ರಶ್ನೆ ನನ್ನ ನಿದ್ದೆ ಕೆಡಿಸಿತು, ಹಾಗಾಗಿ ಕಾಗದ ಪೆನ್ನು ಹಿಡಿದು ಕುಳಿತೆ.

ಬೆಂಗಳೂರಿನ ಎತ್ತರ ಸುಮಾರು 920 ಮೀಟರ್. ಅಲ್ಲಿನ ವಾಯುಭಾರ ಸುಮಾರು 680 ಮಿ.ಮೀ. ಎಂದು ಇಟ್ಟುಕೊಳ್ಳೋಣ. ಒಳಗೆಳೆದ ಗಾಳಿ ಗಂಟಲಲ್ಲಿ ತೇವಗೊಂಡಾಗ ನೀರಾವಿಯ ಪಾಲು 47, ಉಳಿದದ್ದು 633. ಅದರ ಶೇಕಡಾ 21 ಎಂದರೆ 133. ಶ್ವಾಸಕೋಶದ ಗಾಳಿಗೂಡಿನಲ್ಲಿ ಎಷ್ಟು ಆಮ್ಲಜನಕ ಉಳಿಯುತ್ತದೆ ಎಂದು ತಿಳಿಯಲು ಇದರಿಂದ ಇಂಗಾಲದ ಡೈಆಕ್ಸೈಡನ್ನು 0.8ರಿಂದ ಭಾಗಿಸಿ ಕಳೆಯಬೇಕು. ಇಂಗಾಲದ ಡೈಆಕ್ಸೈಡ್ 40 ಇದ್ದರೆ 50 ಕಳೆದು 83 ಉಳಿಯಿತು. ಅದೇ 80ಕ್ಕೆ ಏರಿದರೆ 100 ಕಳೆದು 33 ಮಾತ್ರ ಉಳಿಯುತ್ತದೆ. ಅಂದರೆ ಬರೀ ಗಾಳಿ ಉಸಿರಾಡುತ್ತಿರುವವನಲ್ಲಿ ಇಂಗಾಲದ ಡೈಆಕ್ಸೈಡ್ ಹೀಗೆ ಇಮ್ಮಡಿಯಾದರೆ ಆಕ್ಸಿಮೀಟರ್ ಕೂಗಿಕೊಳ್ಳಲೇಬೇಕು. ಈಗ ಅದೇ ಮನುಷ್ಯನಿಗೆ 2 ಲೀಟರ್ ಆಮ್ಲಜನಕ ಕೊಡೋಣ. ಒಳಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇಕಡಾ 28 ಆಗುತ್ತದೆ ಎನ್ನುತ್ತಾರೆ. 633ರ ಶೇಕಡಾ 28 ಎಂದರೆ 177. ಅದರಿಂದ 100 ಕಳೆದರೂ 77 ಉಳಿಯಿತು. ಕಾಯಿಲೆಯ ಶ್ವಾಸಕೋಶ ಇದರಲ್ಲಿ ಒಂದಷ್ಟನ್ನು ಪೋಲು ಮಾಡಿದರೂ ಬೆರಳಿನ ಅಂಕಿ 90ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಫ್ಲೋ 4ಕ್ಕೆ ಏರಿಸಿದರೆ ಕೇಳುವುದೇ ಬೇಡ.

ಅಂದರೆ ಆಮ್ಲಜನಕ ಪಡೆಯದವರಲ್ಲಿ ಆಕ್ಸಿಮೀಟರ್ ಪರೋಕ್ಷವಾಗಿಯಾದರೂ ಇಂಗಾಲದ ಡೈಆಕ್ಸೈಡಿನ ಸುದ್ದಿ ಕೊಡುತ್ತದೆ. ಪಡೆಯುವವರಲ್ಲಿ ಆ ಸುದ್ದಿಯೇ ಬಂದ್. ನಮಗೆ ಎಲ್ಲರಿಗಿಂತ ಹೆಚ್ಚು ಅಗತ್ಯವಿರುವಾಗಲೇ ಈ ಉಪಕರಣ ಕುರುಡಾಗುತ್ತದೆ. ಹಾಗಾದರೆ ವೈದ್ಯರೇ, ಆಮ್ಲಜನಕವೇ ಅಪರಾಧಿಯಾಯಿತಲ್ಲ? ರಾತ್ರಿ ನಳಿಕೆ ತೆಗೆದಿಟ್ಟರೆ ಆಗದೇ?

ಎದೆರೋಗ_ಮೈಸೂರು:

ಮಾಸ್ತರರೇ, ನಿಮ್ಮ ಲೆಕ್ಕವನ್ನು ನನ್ನ ವಿದ್ಯಾರ್ಥಿಗಳಿಗೆ ತೋರಿಸುತ್ತೇನೆ. ಆದರೆ ಕೊನೆಯ ಪ್ರಶ್ನೆಗೆ ಉತ್ತರ ಖಂಡಿತವಾಗಿ ಬೇಡ ಎಂದೇ. ದಯವಿಟ್ಟು ಯಾರೂ ಇದನ್ನು ಓದಿ ನಳಿಕೆ ಕಿತ್ತು ಹಾಕಬಾರದು. ಇಂಗಾಲದ ಡೈಆಕ್ಸೈಡ್ ಏರಿರುವಾಗ ಆಮ್ಲಜನಕವನ್ನು ಥಟ್ಟನೆ ನಿಲ್ಲಿಸಿದರೆ, ದೇಹದಲ್ಲಿ ಸಂಗ್ರಹವಾದ ಇಂಗಾಲದ ಡೈಆಕ್ಸೈಡ್ ಹೊರಹೋಗಲು ಬಹಳ ಹೊತ್ತು ಹಿಡಿಯುತ್ತದೆ, ಆಮ್ಲಜನಕ ಮಾತ್ರ ನಿಮಿಷಗಳಲ್ಲಿ ಕುಸಿದು ಚಿಕಿತ್ಸೆಗೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ನಿಮ್ಮ ಸಮೀಕರಣದಲ್ಲಿಯೇ ಅದು ಅಡಗಿದೆ, ನೋಡಿ: 177ರ ಜಾಗದಲ್ಲಿ 133 ಇಟ್ಟು, 100 ಹಾಗೆಯೇ ಉಳಿಸಿಕೊಳ್ಳಿ.

ದೀರ್ಘಕಾಲದ ಆಮ್ಲಜನಕ ಚಿಕಿತ್ಸೆ ಜೀವ ಉಳಿಸುತ್ತದೆ ಎನ್ನುವುದು ಸಾಬೀತಾದ ಸಂಗತಿ. 1981ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ (ಎಂಆರ್‌ಸಿ) ಪ್ರಯೋಗದಲ್ಲಿ 87 ರೋಗಿಗಳಿದ್ದರು. ದಿನಕ್ಕೆ 15 ಗಂಟೆ ಆಮ್ಲಜನಕ ಪಡೆದ 42 ಜನರಲ್ಲಿ ಐದು ವರ್ಷಗಳೊಳಗೆ 19 ಮಂದಿ ತೀರಿಕೊಂಡರೆ, ಪಡೆಯದ 45 ಜನರಲ್ಲಿ 30 ಮಂದಿ ತೀರಿಕೊಂಡರು. ಇಂದಿಗೂ ನಾವು ಬಳಸುವ ಮಾನದಂಡ, ಅಂದರೆ ರೋಗಿ ಸ್ಥಿರವಾಗಿರುವಾಗ ಅಪಧಮನಿಯ ಆಮ್ಲಜನಕ 55 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ, ಅಥವಾ ಹೃದಯದ ಬಲಭಾಗಕ್ಕೆ ತೊಂದರೆಯಾಗಿರುವವರಲ್ಲಿ 60ರವರೆಗೆ, ಎನ್ನುವುದು ಆ ಕಾಲದ ಪ್ರಯೋಗಗಳ ಬಳುವಳಿ. ಹಾಗಾಗಿ ಕೇಳಬೇಕಾದ ಪ್ರಶ್ನೆ ಆಮ್ಲಜನಕ ಬೇಕೇ ಬೇಡವೇ ಎನ್ನುವುದಲ್ಲ. ಎಷ್ಟು ಬೇಕು, ಅಷ್ಟು ಕೊಟ್ಟಾಗ ಇಂಗಾಲದ ಡೈಆಕ್ಸೈಡ್ ಎಲ್ಲಿ ನಿಲ್ಲುತ್ತದೆ, ನಿಲ್ಲದಿದ್ದರೆ ಉಸಿರಾಟಕ್ಕೆ ಯಂತ್ರದ ಆಸರೆ ಬೇಕೇ ಎಂದು ಕೇಳಬೇಕು. ಇದಕ್ಕೆ ಉತ್ತರ ಬೆರಳಿನ ಅಂಕಿಯಲ್ಲಿ ಸಿಗುವುದಿಲ್ಲ.

ಬಾಡಿಗೆ_ಉಪಕರಣ ಅವರ ಸಲಹೆಯ ಬಗ್ಗೆ ನನಗೆ ತಕರಾರಿದೆ, ಆದರೆ ಅಳೆಯುವ ಕೆಲಸವನ್ನೇ ಮಾಡುವವರು ಈ ಚರ್ಚೆಯಲ್ಲಿ ಇದ್ದಾರೆ, ಅವರೇ ಹೇಳಲಿ.

ನಿದ್ರಾಲಯ_ತಂತ್ರಜ್ಞೆ:

ಧನ್ಯವಾದ ಸರ್. ನಾನು ಬೆಂಗಳೂರಿನಲ್ಲಿ ನಿದ್ರಾ ಪರೀಕ್ಷೆಗಳನ್ನು ಮಾಡುವ ತಂತ್ರಜ್ಞೆ, ರಾತ್ರಿಪಾಳಿಯ ಜೀವಿ.

ಉಸಿರಿನಲ್ಲಿ ಅಳೆಯುವ ಕ್ಯಾಪ್ನೋಮೀಟರ್ ಕೆಟ್ಟ ಉಪಕರಣವಲ್ಲ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಗಂಟಲಿಗೆ ಕೊಳವೆ ಹಾಕಿದ ರೋಗಿಗೆ ಅದಿಲ್ಲದೆ ಅರಿವಳಿಕೆ ತಜ್ಞರು ಕೆಲಸವನ್ನೇ ಆರಂಭಿಸುವುದಿಲ್ಲ. ಆರೋಗ್ಯವಂತ ಶ್ವಾಸಕೋಶದಲ್ಲಿ ಉಸಿರಿನ ಕೊನೆಯಲ್ಲಿ ಬರುವ ಅಂಕಿಗೂ ಅಪಧಮನಿಯ ಅಂಕಿಗೂ 2ರಿಂದ 5 ಮಿ.ಮೀ. ಅಂತರವಿರುತ್ತದೆ, ಅಷ್ಟೇ. ಸಿಒಪಿಡಿಯಲ್ಲಿ ಶ್ವಾಸಕೋಶದ ಬೇರೆ ಬೇರೆ ಭಾಗಗಳು ಬೇರೆ ಬೇರೆ ವೇಗದಲ್ಲಿ ಖಾಲಿಯಾಗುತ್ತವೆ; ರಕ್ತವೇ ಹರಿಯದ ಭಾಗಗಳಿಂದ ಬಂದ ಗಾಳಿಯೂ ಅದರಲ್ಲಿ ಬೆರೆತು ಅಂಕಿಯನ್ನು ತೆಳುವಾಗಿಸುತ್ತದೆ. ಪರದೆಯ ಮೇಲೆ ಚಪ್ಪಟೆಯಾದ ದಿಬ್ಬದಂತೆ ಕಾಣಬೇಕಾದ ಗೆರೆ ಶಾರ್ಕ್ ಮೀನಿನ ರೆಕ್ಕೆಯ ಹಾಗೆ ಓರೆಯಾಗಿ ಏರುತ್ತಲೇ ಇರುತ್ತದೆ, ಅದು ತುದಿ ಮುಟ್ಟುವ ಮೊದಲೇ ರೋಗಿ ಮುಂದಿನ ಉಸಿರು ಎಳೆದುಬಿಡುತ್ತಾರೆ. ಇದರ ಮೇಲೆ ಅದೇ ಮೂಗಿನಲ್ಲಿ ಆಮ್ಲಜನಕ ಒಳಗೆ ಸುರಿಯುತ್ತಿರುತ್ತದೆ. ಬಾಯಿ ತೆರೆದು ಮಲಗುವವರಾದರೆ ಮುಗಿಯಿತು. ರಕ್ತದಲ್ಲಿ 60 ಇರುವ ರೋಗಿಗೆ ಆ ಯಂತ್ರ 38 ತೋರಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪ್ಪು ಗಾಬರಿ ಹುಟ್ಟಿಸಿದ್ದರೆ ಹೇಗೋ ಸಹಿಸಬಹುದಿತ್ತು. ಇದು ತಪ್ಪು ನೆಮ್ಮದಿ ಕೊಡುತ್ತದೆ.

ನಿಮ್ಮ ತಾಯಿಯವರಂಥವರಿಗೆ ನಾವು ಬಳಸುವುದು ಚರ್ಮದ ಮೇಲೆ ಅಂಟಿಸುವ ಸೆನ್ಸರ್. ಟ್ರಾನ್ಸ್‌ಕ್ಯುಟೇನಿಯಸ್ ಮಾಪನ ಎನ್ನುತ್ತಾರೆ, ನಮ್ಮ ರೋಗಿಗಳ ಬಾಯಲ್ಲಿ ಅದು ಕಿವಿ ಕ್ಲಿಪ್ಪು. ಇದರ ಒಳಗಿರುವ ವಿದ್ಯುದಗ್ರದ ಕಲ್ಪನೆಯನ್ನು ರಿಚರ್ಡ್ ಸ್ಟೋ 1954ರಲ್ಲಿ ಮುಂದಿಟ್ಟರು, ಜಾನ್ ಸೆವರಿಂಗ್‌ಹೌಸ್ ಅದನ್ನು ನಂಬಿಕೆಗೆ ಅರ್ಹವಾದ ಉಪಕರಣವಾಗಿ ಬೆಳೆಸಿದರು. ಆಸ್ಪತ್ರೆಯ ಎಬಿಜಿ ಯಂತ್ರದಲ್ಲಿ ಇರುವುದೂ ಅದೇ ತತ್ತ್ವ. ಸೆನ್ಸರ್ ಚರ್ಮವನ್ನು 42 ಡಿಗ್ರಿಯ ಹತ್ತಿರ ಬಿಸಿ ಮಾಡುತ್ತದೆ. ಬಿಸಿಗೆ ಸೂಕ್ಷ್ಮ ರಕ್ತನಾಳಗಳು ಹಿಗ್ಗಿ, ಅಲ್ಲಿನ ರಕ್ತ ಅಪಧಮನಿಯ ರಕ್ತವನ್ನು ಹೋಲತೊಡಗುತ್ತದೆ. ಚರ್ಮದ ಮೂಲಕ ಹೊರಸೂಸುವ ಇಂಗಾಲದ ಡೈಆಕ್ಸೈಡ್ ತೆಳುವಾದ ಪೊರೆಯನ್ನು ದಾಟಿ ಒಳಗಿನ ದ್ರಾವಣದ ಪಿಎಚ್ ಬದಲಿಸುತ್ತದೆ, ಯಂತ್ರ ಅದನ್ನು ಅಂಕಿಯಾಗಿ ಓದುತ್ತದೆ. ಬಿಸಿಯಿಂದಾಗಿ ಮತ್ತು ಚರ್ಮದ ಜೀವಕೋಶಗಳು ತಾವೇ ಒಂದಿಷ್ಟು ಇಂಗಾಲದ ಡೈಆಕ್ಸೈಡ್ ಉತ್ಪಾದಿಸುವುದರಿಂದ ಕಚ್ಚಾ ಅಂಕಿ ನಿಜಕ್ಕಿಂತ ಹೆಚ್ಚಿರುತ್ತದೆ. ಪ್ರತಿ ಡಿಗ್ರಿಗೆ ಶೇಕಡಾ 4.5ರಷ್ಟು ಮತ್ತು ಚರ್ಮದ ಪಾಲಿಗೆ ಸುಮಾರು 5 ಮಿ.ಮೀ. ಕಳೆದು ಯಂತ್ರವೇ ತಿದ್ದಿಕೊಡುತ್ತದೆ. ಸ್ವಿಟ್ಜರ್ಲೆಂಡಿನ ಸೆನ್‌ಟೆಕ್, ಡೆನ್ಮಾರ್ಕಿನ ರೇಡಿಯೋಮೀಟರ್ ಇಂಥ ಯಂತ್ರಗಳಿಗೆ ಹೆಸರಾದ ಕಂಪನಿಗಳು.

ಮನೆಗೆ ಕೊಳ್ಳುವ ಯೋಚನೆ ಬಂದಿದ್ದರೆ ಸ್ವಲ್ಪ ತಡೆಯಿರಿ. ಬೆಲೆ ಲಕ್ಷಗಳಲ್ಲಿದೆ ಎನ್ನುವುದು ಒಂದು ಮಾತು. ಅದರ ಉಪಚಾರ ಇನ್ನೊಂದು. ಪ್ರತಿ ಬಳಕೆಗೂ ಮೊದಲು ಗೊತ್ತಾದ ಪ್ರಮಾಣದ ಅನಿಲದಲ್ಲಿ ಸೆನ್ಸರನ್ನು ಕ್ಯಾಲಿಬ್ರೇಟ್ ಮಾಡಬೇಕು, ನಿಯಮಿತವಾಗಿ ಪೊರೆ ಬದಲಿಸಬೇಕು. ಜೆಲ್ ಹನಿಯ ಕೆಳಗೆ ಒಂದು ಗಾಳಿಗುಳ್ಳೆ ಉಳಿದರೂ ಅಂಕಿ ಜಾರುತ್ತದೆ. ನಿದ್ದೆಗಣ್ಣಿನಲ್ಲಿ ರೋಗಿ ಕಿವಿ ಕೆರೆದುಕೊಂಡು ಕ್ಲಿಪ್ಪು ಸಡಿಲವಾದರೆ ಗೆರೆ ಏಕಾಏಕಿ ನೆಲಕ್ಕಿಳಿಯುತ್ತದೆ. ಅನುಭವವಿಲ್ಲದವರು ಅದನ್ನು ರೋಗಿ ಸುಧಾರಿಸಿದರು ಎಂದು ಓದುವ ಅಪಾಯವಿದೆ. ಚರ್ಮ ಸುಡದಂತೆ ಕೆಲವು ಗಂಟೆಗಳಿಗೊಮ್ಮೆ ಜಾಗ ಬದಲಿಸಬೇಕಾಗಬಹುದು, ಮುಖ್ಯವಾಗಿ ವಯಸ್ಸಾದವರ ತೆಳು ಚರ್ಮದಲ್ಲಿ. ಬಾವು ಇದ್ದರೆ, ರಕ್ತದೊತ್ತಡ ಕುಸಿದಿದ್ದರೆ ಅಂಕಿಯನ್ನು ನಂಬುವ ಹಾಗಿಲ್ಲ. ಹಚ್ಚಿದ ಮೇಲೆ ಸ್ಥಿರವಾಗಲು ಹತ್ತು ನಿಮಿಷವಾದರೂ ಬೇಕು, ಆಮೇಲೂ ರಕ್ತದಲ್ಲಿ ಆದ ಬದಲಾವಣೆ ಪರದೆಗೆ ಬರಲು ಒಂದೆರಡು ನಿಮಿಷ ಹಿಡಿಯುತ್ತದೆ.

ಇಷ್ಟೆಲ್ಲ ಸರಿಯಾಗಿದ್ದರೂ ಅಪಧಮನಿಯ ಅಂಕಿಗೆ ಆಚೀಚೆ 7.5 ಮಿ.ಮೀ.ವರೆಗಿನ ವ್ಯತ್ಯಾಸವನ್ನು ಒಪ್ಪಿಕೊಳ್ಳುವ ವಾಡಿಕೆಯಿದೆ. ಆದ್ದರಿಂದ ನಾನು ಒಂದೇ ಒಂದು ಅಂಕಿಗೆ ಜೋತು ಬೀಳುವುದಿಲ್ಲ. ಮಲಗುವ ಮೊದಲು ಎಷ್ಟಿತ್ತು, ಗಾಢ ನಿದ್ರೆಯಲ್ಲಿ ಎಷ್ಟಾಯಿತು, ಫ್ಲೋ ಅರ್ಧ ಲೀಟರ್ ಏರಿಸಿದಾಗ ಗೆರೆ ಯಾವ ಕಡೆ ಹೊರಟಿತು ಎಂದು ನೋಡುತ್ತೇನೆ. ಚುಚ್ಚಿ ತೆಗೆದ ಒಂದು ಮಾದರಿ ಎನ್ನುವುದು ಒಂದು ಕ್ಷಣದ ಫೋಟೋ. ಅದನ್ನೂ ಬಹುತೇಕ ಹಗಲಿನಲ್ಲಿ, ನೋವಿಗೆ ರೋಗಿ ಮುಖ ಹಿಂಡಿ ಜೋರಾಗಿ ಉಸಿರಾಡುತ್ತಿರುವಾಗ ತೆಗೆಯುತ್ತಾರೆ. ನಸುಕಿನ ನಾಲ್ಕು ಗಂಟೆಗೆ ಏನಾಗುತ್ತದೆ ಎಂದು ತಿಳಿಯಲು ಕಿವಿ ಕ್ಲಿಪ್ಪಿನಷ್ಟು ಅನುಕೂಲವಾದುದು ಬೇರೆ ಇಲ್ಲ.

ಬಾಡಿಗೆ_ಉಪಕರಣ:

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಲ್ಲ ರೋಗಿಗಳೂ ಬೆಂಗಳೂರಿಗೆ ಬಂದು ಒಂದು ರಾತ್ರಿ ಮಲಗಲು ಆಗುವುದಿಲ್ಲವಲ್ಲ? ಬೀದರಿನವರು, ಕಾರವಾರದವರು ಏನು ಮಾಡಬೇಕು? ಪ್ರತಿದಿನ ಒಂದೇ ಯಂತ್ರದಲ್ಲಿ ಉಸಿರಿನ ಅಂಕಿ ನೋಡಿದರೆ ಏರಿಳಿತವಾದರೂ ಗೊತ್ತಾಗುವುದಿಲ್ಲವೇ?

ಎದೆರೋಗ_ಮೈಸೂರು:

ಪ್ರಶ್ನೆ ನ್ಯಾಯವಾದದ್ದು. ಆದರೆ ಆ ಅಂತರ ಒಂದೇ ಆಗಿ ಉಳಿಯುವುದಿಲ್ಲ ಎನ್ನುವುದೇ ತೊಡಕು. ಕಾಯಿಲೆ ಉಲ್ಬಣಿಸಿ ಉಸಿರು ಚಿಕ್ಕದಾಗಿ ವೇಗವಾದಾಗ ಅಪಧಮನಿಯ ಅಂಕಿ ಮೇಲೇರುತ್ತದೆ, ಉಸಿರಿನ ಅಂಕಿ ಕೆಳಗಿಳಿಯಲೂಬಹುದು. ಎಚ್ಚರಿಸಬೇಕಾದ ದಿನವೇ ಯಂತ್ರ ಸಮಾಧಾನ ಹೇಳುತ್ತದೆ. ದೂರದ ಊರುಗಳವರಿಗೆ ಸಿರೆಯ ರಕ್ತದ ಬೈಕಾರ್ಬೊನೇಟ್, ಸಿಕ್ಕರೆ ಸಿರೆಯ ರಕ್ತದ ಅನಿಲ ಪರೀಕ್ಷೆ, ಇವು ಆರಂಭಕ್ಕೆ ಸಾಕು. ಸಿರೆಯ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 45ಕ್ಕಿಂತ ಕಡಿಮೆ ಇದ್ದರೆ ಅಪಧಮನಿಯಲ್ಲಿ ಅದು ಹೆಚ್ಚಿರುವ ಸಂಭವ ತೀರಾ ಕಡಿಮೆ. ಹೆಚ್ಚಿದ್ದರೆ ಮಾತ್ರ ಮುಂದಿನ ಊರಿನ ಬಸ್ಸು ಹತ್ತಿದರಾಯಿತು.

ಲೆಸ್ಟರ್_ಕನ್ನಡತಿ:

ನಾನು ಇಂಗ್ಲೆಂಡಿನಲ್ಲಿ ಉಸಿರಾಟದ ಕಾಯಿಲೆಗಳ ವಿಭಾಗದಲ್ಲಿ ನರ್ಸ್. ಇಲ್ಲಿನ ರೂಢಿಯನ್ನು ಹೇಳಿದರೆ ಅನುಕೂಲವಾಗಬಹುದು.

ಬ್ರಿಟಿಷ್ ಥೊರಾಸಿಕ್ ಸೊಸೈಟಿಯ 2015ರ ಮಾರ್ಗಸೂಚಿಯ ಪ್ರಕಾರ, ಮನೆಯ ಆಮ್ಲಜನಕ ಬೇಕೇ ಎಂದು ನಿರ್ಧರಿಸುವ ಮೊದಲ ಪರೀಕ್ಷೆ ಅಪಧಮನಿಯ ರಕ್ತದ್ದೇ ಆಗಿರಬೇಕು. ಆದರೆ ಫ್ಲೋ ಏರಿಸುತ್ತ ಹೋಗುವಾಗ ಪ್ರತಿ ಹಂತದಲ್ಲಿಯೂ ಮಣಿಕಟ್ಟಿಗೆ ಚುಚ್ಚಬೇಕಿಲ್ಲ. ಕಿವಿಯ ಹಾಲೆಯನ್ನು ಬಿಸಿ ಮಾಡಿ, ಸಣ್ಣದಾಗಿ ಗೀರಿ ತೆಗೆದ ಹನಿ ರಕ್ತ ಸಾಕು. ಇಂಗಾಲದ ಡೈಆಕ್ಸೈಡನ್ನು ಮಾತ್ರ ಮತ್ತೆ ಅಳೆಯುವುದಿದ್ದರೆ ಚರ್ಮದ ಸೆನ್ಸರನ್ನೂ ಬಳಸಬಹುದು. ಪಿಎಚ್ ಮಾತ್ರ ಸೆನ್ಸರಿನಿಂದ ಸಿಗುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲೇ ಇದೆ. ಮೊದಲಿನಿಂದಲೇ ಇಂಗಾಲದ ಡೈಆಕ್ಸೈಡ್ ಹೆಚ್ಚಿರುವ ರೋಗಿ ಸ್ಥಿರವಾಗಿದ್ದಾಗಲೂ, ಎರಡು ಬೇರೆ ಬೇರೆ ಸಲ, ಆಮ್ಲಜನಕ ಕೊಟ್ಟಾಗ ರಕ್ತ ಆಮ್ಲೀಯವಾದರೆ ಅಥವಾ ಇಂಗಾಲದ ಡೈಆಕ್ಸೈಡ್ 7.5 ಮಿ.ಮೀ.ಗಿಂತ ಹೆಚ್ಚು ಏರಿದರೆ, ಅವರಿಗೆ ರಾತ್ರಿಯ ಉಸಿರಾಟ ಯಂತ್ರದ ಜೊತೆಯಲ್ಲಿ ಮಾತ್ರ ಮನೆಯ ಆಮ್ಲಜನಕ ಕೊಡಬೇಕು.

ಇದಕ್ಕೆ ಬಲವಾದ ಆಧಾರವಾಗಿ ಬಂದದ್ದು 2017ರಲ್ಲಿ ಪ್ರಕಟವಾದ ಹಾಟ್-ಎಚ್‌ಎಂವಿ ಪ್ರಯೋಗ. ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರಿ, ಎರಡರಿಂದ ನಾಲ್ಕು ವಾರಗಳ ನಂತರವೂ ಇಂಗಾಲದ ಡೈಆಕ್ಸೈಡ್ 53ಕ್ಕಿಂತ ಹೆಚ್ಚಿದ್ದ 116 ರೋಗಿಗಳನ್ನು ಅದರಲ್ಲಿ ತೆಗೆದುಕೊಂಡಿದ್ದರು. ಮನೆಯಲ್ಲಿ ಆಮ್ಲಜನಕ ಮಾತ್ರ ಪಡೆದವರಲ್ಲಿ ಮತ್ತೆ ಆಸ್ಪತ್ರೆ ಸೇರುವುದಕ್ಕೆ ಅಥವಾ ಸಾವಿಗೆ ಹಿಡಿದ ಮಧ್ಯಕ (ಮೀಡಿಯನ್) ಅವಧಿ 1.4 ತಿಂಗಳು, ಜೊತೆಗೆ ಯಂತ್ರವನ್ನೂ ಬಳಸಿದವರಲ್ಲಿ 4.3 ತಿಂಗಳು. ಎರಡರಿಂದ ನಾಲ್ಕು ವಾರ ಎಂಬ ಆ ಕಾಯುವಿಕೆಯನ್ನು ಗಮನಿಸಿ. ಉಲ್ಬಣದ ಬಿಸಿಯಲ್ಲಿ ಬಂದ ಅಂಕಿ ಹಲವರಲ್ಲಿ ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಬಿಡುಗಡೆಯ ದಿನವೇ ಜೀವನಪರ್ಯಂತದ ನಿರ್ಧಾರ ಮಾಡಬಾರದು.

ಇನ್ನೊಂದು ಚಿಕ್ಕ ವಿಷಯ. ಹಿಂದೆ ಹೀಗೆ ಇಂಗಾಲದ ಡೈಆಕ್ಸೈಡ್ ಏರಿದವರಿಗೆ ಇಲ್ಲಿ ಆಕ್ಸಿಜನ್ ಅಲರ್ಟ್ ಕಾರ್ಡ್ ಕೊಡುತ್ತೇವೆ. ಆಂಬುಲೆನ್ಸಿನವರು ಅದನ್ನು ನೋಡಿ ಆಕ್ಸಿಮೀಟರಿನ ಅಂಕಿ ಶೇಕಡಾ 88ರಿಂದ 92ರ ಒಳಗೆ ಇರುವಂತೆ ಮಾತ್ರ ಆಮ್ಲಜನಕ ಕೊಡುತ್ತಾರೆ. ಟಾಸ್ಮೇನಿಯಾದಲ್ಲಿ ಆಂಬುಲೆನ್ಸಿನಲ್ಲಿಯೇ ಹೀಗೆ ಅಳೆದು ಕೊಟ್ಟು ನೋಡಿದ, 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮನಬಂದಂತೆ ಹೆಚ್ಚು ಆಮ್ಲಜನಕ ಕೊಟ್ಟವರಿಗಿಂತ ಅಳೆದು ಕೊಟ್ಟವರಲ್ಲಿ ಸಾವು ಗಣನೀಯವಾಗಿ ಕಡಿಮೆಯಾಗಿತ್ತು. ಹೇಮಾವತಿ_ತೀರ ಅವರೇ, ನೀವೇ ಒಂದು ರಟ್ಟಿನ ಮೇಲೆ ಕನ್ನಡದಲ್ಲಿ ಮತ್ತು ಇಂಗ್ಲಿಷಿನಲ್ಲಿ ಇದನ್ನು ಬರೆದು, ನಿಮ್ಮ ವೈದ್ಯರ ಸಹಿ ಹಾಕಿಸಿ, ಕಾನ್ಸನ್ಟ್ರೇಟರಿಗೆ ಕಟ್ಟಿಬಿಡಿ. 108ರ ಸಿಬ್ಬಂದಿ ಬಂದಾಗ ಮೊದಲು ಅದನ್ನು ತೋರಿಸಿ.

ಕಾಫಿ_ತೋಟ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಾವನವರಿಗೆ ಸಿಒಪಿಡಿ ಇಲ್ಲ. ತೂಕ 118 ಕೆ.ಜಿ., ಗೊರಕೆ ಪಕ್ಕದ ಮನೆಗೂ ಕೇಳಿಸುತ್ತದೆ, ಹಗಲಿನಲ್ಲಿ ಪೇಪರು ಓದುತ್ತಲೇ ತೂಕಡಿಸುತ್ತಾರೆ. ರಾತ್ರಿ ಆಮ್ಲಜನಕ ತಗ್ಗುತ್ತದೆ ಎಂದು 2 ಲೀಟರ್ ಹಾಕಿಕೊಳ್ಳಲು ಹೇಳಿದ್ದಾರೆ. ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ ಎನ್ನುತ್ತಾರೆ. ಈ ಚರ್ಚೆ ಅವರಿಗೂ ಅನ್ವಯಿಸುತ್ತದೆಯೇ?

ಎದೆರೋಗ_ಮೈಸೂರು:

ಸಂಪೂರ್ಣವಾಗಿ ಅನ್ವಯಿಸುತ್ತದೆ. ಬೆಳಗಿನ ತಲೆನೋವು, ಹಗಲಿನ ತೂಕಡಿಕೆ, ಬೆಚ್ಚಗಿನ ಅಂಗೈ, ಮರೆವು, ಇವೆಲ್ಲ ಇಂಗಾಲದ ಡೈಆಕ್ಸೈಡಿನ ಹೆಜ್ಜೆ ಗುರುತುಗಳಾಗಿರಬಹುದು. ಸ್ಥೂಲಕಾಯದವರಲ್ಲಿ ಹಗಲಿನಲ್ಲಿಯೂ ಇಂಗಾಲದ ಡೈಆಕ್ಸೈಡ್ 45 ದಾಟಿರುವ ಸ್ಥಿತಿಗೆ ಆಮ್ಲಜನಕವೊಂದೇ ಚಿಕಿತ್ಸೆಯಲ್ಲ. ರಾತ್ರಿ ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರವೇ ಮುಖ್ಯ. ನಾಳೆಯೇ ಬೈಕಾರ್ಬೊನೇಟ್ ಮಾಡಿಸಿ. 27 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಪಧಮನಿಯ ರಕ್ತ ಪರೀಕ್ಷೆ, ನಿದ್ರಾ ಪರೀಕ್ಷೆ ಎರಡೂ ಬೇಕು. ನಿಮ್ಮ ಮಾವನವರ ಲಕ್ಷಣಗಳನ್ನು ನೋಡಿದರೆ ಕಡಿಮೆ ಬಂದರೂ ನಿದ್ರಾ ಪರೀಕ್ಷೆ ಮಾಡಿಸಿಯೇ ಬಿಡಿ.

ಹೇಮಾವತಿ_ತೀರ:

ಎಲ್ಲರಿಗೂ ಹೇಗೆ ಕೃತಜ್ಞತೆ ಹೇಳಲಿ ತಿಳಿಯದು. ಅಮ್ಮ ಮನೆಗೆ ಬಂದು ಮೂರು ವಾರ ತುಂಬಿತು. ನಮ್ಮ ವೈದ್ಯರಿಗೆ ಈ ಚರ್ಚೆಯನ್ನು ತೋರಿಸಿದೆ, ಅವರು ಬೇಸರಿಸದೆ ಓದಿ ಬೆಂಗಳೂರಿಗೆ ಪತ್ರ ಬರೆದುಕೊಟ್ಟರು. ಹೋಗುವ ಮೊದಲು ಏನು ಸಿದ್ಧತೆ ಬೇಕು?

ನಿದ್ರಾಲಯ_ತಂತ್ರಜ್ಞೆ:

ಎರಡೂ ಕಿವಿಯ ಓಲೆ ತೆಗೆಸಿಬಿಡಿ, ಹಾಲೆಗೆ ಎಣ್ಣೆ ಹಚ್ಚಬೇಡಿ. ಮನೆಯಲ್ಲಿ ನಿಜವಾಗಿ ಎಷ್ಟು ಫ್ಲೋ ಇಡುತ್ತೀರಿ ಎಂಬುದನ್ನು ಮುಚ್ಚಿಡದೆ ಹೇಳಿ. 1 ಎಂದು ಬರೆಸಿ 3 ಇಡುವವರು ಬಹಳ. ನಿದ್ರೆ ಮಾತ್ರೆ, ಕೆಮ್ಮಿನ ಸಿರಪ್ ಏನಾದರೂ ಕೊಡುತ್ತಿದ್ದರೆ ಅದರ ಬಾಟಲಿಯನ್ನೇ ತನ್ನಿ. ಕೆಲವು ಔಷಧಗಳು ಉಸಿರಾಟವನ್ನು ತಗ್ಗಿಸುತ್ತವೆ, ಆಗ ತಪ್ಪು ಆಮ್ಲಜನಕದ್ದೋ ಮಾತ್ರೆಯದ್ದೋ ಎಂದು ಬಿಡಿಸಿ ಹೇಳುವುದು ಕಷ್ಟವಾಗುತ್ತದೆ. ಬೆಳಿಗ್ಗೆ ಒಂದು ಸಲ ಮಾತ್ರ ಮಣಿಕಟ್ಟಿನ ರಕ್ತ ತೆಗೆಯುತ್ತಾರೆ, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ತೆಗೆಯಿರಿ ಎಂದು ನೀವಾಗಿ ಕೇಳಿ. ಕೇಳಿದರೆ ಕೊಡುತ್ತಾರೆ.

ಧಾರವಾಡ_ಮಾಸ್ತರ:

ಫಲಿತಾಂಶ ಬಂದೊಡನೆ ತಿಳಿಸಿರಿ. ನನ್ನ ಬೈಕಾರ್ಬೊನೇಟ್ 26 ಬಂದಿದೆ, ಸದ್ಯಕ್ಕೆ ಬಚಾವ್.

ಹೇಮಾವತಿ_ತೀರ:

ಹೋಗಿ ಬಂದೆವು. ಮಲಗುವ ಮೊದಲು 1 ಲೀಟರ್ ಫ್ಲೋದಲ್ಲಿ ಆಮ್ಲಜನಕ 90, ಕಿವಿಯ ಸೆನ್ಸರಿನಲ್ಲಿ ಇಂಗಾಲದ ಡೈಆಕ್ಸೈಡ್ 54. ರಾತ್ರಿ ಹನ್ನೆರಡರ ಹೊತ್ತಿಗೆ 58, ನಸುಕಿನ ನಾಲ್ಕಕ್ಕೆ 66. ಇಷ್ಟೂ ಹೊತ್ತು ಬೆರಳಿನ ಅಂಕಿ 88ರಿಂದ 91ರ ನಡುವೆ ಇತ್ತು. ಅದನ್ನೊಂದೇ ನೋಡುತ್ತಿದ್ದರೆ ಎಲ್ಲ ಚೆನ್ನಾಗಿದೆ ಎಂದೇ ನಾನು ಮಲಗುತ್ತಿದ್ದೆ. ಬೆಳಿಗ್ಗೆ ಎದ್ದ ಮೇಲೆ ಚುಚ್ಚಿ ತೆಗೆದ ರಕ್ತದಲ್ಲಿ ಪಿಎಚ್ 7.35, ಇಂಗಾಲದ ಡೈಆಕ್ಸೈಡ್ 60, ಬೈಕಾರ್ಬೊನೇಟ್ 32. ಅದೇ ಹೊತ್ತಿಗೆ ಸೆನ್ಸರ್ 62 ತೋರಿಸುತ್ತಿತ್ತು. ಮರಗಟ್ಟಿಸುವ ಇಂಜೆಕ್ಷನ್ ಕೇಳಿ ಪಡೆದೆವು. ಅಮ್ಮ ರಕ್ತ ತೆಗೆದದ್ದೇ ತಿಳಿಯಲಿಲ್ಲ ಎಂದರು; ಅವರ ದೂರೆಲ್ಲ ಓಲೆ ತೆಗೆಸಿದ್ದರ ಮೇಲೆ.

ರಾತ್ರಿ ಬೈಪ್ಯಾಪ್ ಹಾಕಿ, ಅದರ ಕೊಳವೆಗೆ 1 ಲೀಟರ್ ಆಮ್ಲಜನಕ ಸೇರಿಸಬೇಕು, ಹಗಲಿನಲ್ಲಿ ಮೊದಲಿನಂತೆ ನಳಿಕೆ ಎಂದು ತೀರ್ಮಾನವಾಯಿತು. ಯಂತ್ರದೊಂದಿಗೆ ಇನ್ನೊಂದು ರಾತ್ರಿ ಸೆನ್ಸರ್ ಹಾಕಿ ಒತ್ತಡ ಹೊಂದಿಸುತ್ತಾರಂತೆ. ನಮ್ಮೂರಿನಲ್ಲಿ ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಕಾನ್ಸನ್ಟ್ರೇಟರ್ ಮತ್ತು ಬೈಪ್ಯಾಪ್ ಎರಡನ್ನೂ ಒಂದೇ ಇನ್ವರ್ಟರಿನಲ್ಲಿ ನಡೆಸಬಹುದೇ?

ಬಾಡಿಗೆ_ಉಪಕರಣ:

ನಡೆಸಬಹುದು ಸರ್, ಆದರೆ ಬೈಪ್ಯಾಪಿಗಿಂತ ಕಾನ್ಸನ್ಟ್ರೇಟರ್ ಬಹಳ ಹೆಚ್ಚು ವಿದ್ಯುತ್ ಎಳೆಯುತ್ತದೆ. 5 ಲೀಟರಿನ ಮಾದರಿ 300 ವ್ಯಾಟಿನ ಮೇಲೆಯೇ. ಬೈಪ್ಯಾಪನ್ನು ಬೇರೆ ಬ್ಯಾಟರಿಗೆ ಹಾಕಿ, ಕಾನ್ಸನ್ಟ್ರೇಟರಿಗೆ ಇನ್ವರ್ಟರ್ ಇಡಿ, ಎರಡೂ ಕೈಕೊಟ್ಟ ದಿನಕ್ಕೆ ಮೂಲೆಯಲ್ಲಿ ಒಂದು ಸಿಲಿಂಡರ್ ಇರಲಿ. ದೇವರ ದೀಪವನ್ನು ಆ ಕೋಣೆಯಿಂದ ಆಚೆ ಇಡಿಸಿ. ನಿಮ್ಮ ಯಂತ್ರಗಳ ಹಿಂದೆ ಅಂಟಿಸಿರುವ ಚೀಟಿಯ ಫೋಟೋ ಹಾಕಿದರೆ ಎಷ್ಟು ಸಾಮರ್ಥ್ಯದ ಬ್ಯಾಟರಿ ಬೇಕೆಂದು ಲೆಕ್ಕ ಹಾಕಿ ಹೇಳುತ್ತೇನೆ.